ವಿನೀತ ವಿದ್ಯಾರ್ಥಿಯ ಅಭ್ಯಾಸ ವಾಕ್ಯಗಳು

ಶುಕ್ರವಾರ ಮಧ್ಯಾಹ್ನ ಊಟದ ಡಬ್ಬಿ ತೊಳೆದುಕೊಂಡು ಬಂದು ಕೂತ ಇಂಚರಳ ಮುಂದೆ ಇದ್ದದ್ದು ಒಂದೇ ಒಂದು ಇಂಗ್ಲಿಷ್ ಕ್ರಿಯಾಪದ: ಫಾಲೋ. ಅದರ ಅರ್ಥಗಳನ್ನೆಲ್ಲ ಬಿಡಿಸಿ, ಪ್ರತಿ ಅರ್ಥಕ್ಕೂ ಕನ್ನಡದಲ್ಲಿ ಹತ್ತಿರದ ಪದಗಳನ್ನು ಜೋಡಿಸಿ, ಒಂದೊಂದಕ್ಕೂ ಒಂದು ಉದಾಹರಣೆ ಬರೆದು ಸಂಜೆಯೊಳಗೆ ಏಕಾಂತಯ್ಯ ಮೇಷ್ಟ್ರ ಮೇಜಿನ ಮೇಲಿಡಬೇಕು. ಬೇರೆ ದಿನವಾಗಿದ್ದರೆ ಒಂದೂವರೆ ಗಂಟೆಯ ಕೆಲಸ. ಇವತ್ತು ಮಾತ್ರ ಬೆಳಗ್ಗಿಂದ ತಲೆಬರಹ ಬರೆದು, ಕೆಳಗೆ ಗೆರೆ ಎಳೆದು, ಆ ಗೆರೆಯ ಮೇಲೇ ಮತ್ತೆ ಮತ್ತೆ ಪೆನ್ನು ಓಡಿಸಿ ಕಾಗದ ಹರಿಯುವುದೊಂದು ಬಾಕಿ ಇತ್ತು.

‘ಏನೇ, ಹೆಸರು ನೋಡಿದ್ರೆ ಇಂಚರ, ಬಾಯಿ ನೋಡಿದ್ರೆ ಬೀಗ. ಇವತ್ತು ಕೈಗೂ ಬೀಗ ಬಿತ್ತಾ?’ ಎದುರು ಮೇಜಿನಿಂದ ಪಂಕಜಾ ಕೇಳಿದಳು. ನಲವತ್ತು ದಾಟಿದ ಹೆಂಗಸು. ಮಾತಾಡದೆ ಇರುವುದು ಒಂದು ಕಾಯಿಲೆ ಅಂತಲೇ ನಂಬಿದವಳು.

‘ಏನಿಲ್ಲ ಅಕ್ಕ,’ ಅಂದಳು ಇಂಚರ. ಆ ದಿನ ಅವಳು ಆಡಿದ ಮೊದಲ ಮಾತು ಅದೇ.

ಜಯನಗರದ ಏಳನೇ ಬ್ಲಾಕಿನ ಒಂದು ಹಳೇ ಮನೆಯ ಮಹಡಿಯಲ್ಲಿ ಇವರ ಕಚೇರಿ. ಇರುವವರು ಈ ಮೂವರೇ. ಕನ್ನಡದಲ್ಲಿ ಓದಿ ಕೆಲಸ ಹುಡುಕುತ್ತಿರುವವರಿಗೆ ಇಂಗ್ಲಿಷ್ ಕಲಿಸುವ ಒಂದು ಆ್ಯಪ್ ನಡೆಸುತ್ತಿದ್ದರು. ಬೆಳಗ್ಗೆ ಏಳಕ್ಕೆ ಒಂದು ಕ್ರಿಯಾಪದ, ಅದರ ಅರ್ಥ, ಸಮಾನಪದ, ಉದಾಹರಣೆ. ಅದನ್ನು ಓದಿದವರು ಅದೇ ಪದ ಬಳಸಿ ತಮ್ಮದೊಂದು ಅಭ್ಯಾಸ ವಾಕ್ಯ ಬರೆದು ಕಳಿಸಬೇಕು. ಬಂದ ವಾಕ್ಯಕ್ಕೆ ‘ಸರಿ’ ಅಂತಲೋ ‘ತಪ್ಪು’ ಅಂತಲೋ ಗುರುತು ಹಾಕುವ ಕೆಲಸ ಇಂಚರಳದ್ದು.

ಏಕಾಂತಯ್ಯನವರು ಮೂವತ್ತಮೂರು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು. ಅವರದ್ದು ಎರಡೇ ಕಟ್ಟಳೆ. ಒಂದು, ಉದಾಹರಣೆ ಯಾವತ್ತೂ ನಿಜವಾಗಿರಬೇಕು. ‘ರಾಮ ಹಣ್ಣು ತಿಂದನು, ಸೀತೆ ಹಾಡಿದಳು ಅಂತ ಹಲ್ಲಿಲ್ಲದ ವಾಕ್ಯ ಬರೀಬೇಡಿ. ನಿಮ್ಮ ಕಣ್ಣಿಗೆ ಬಿದ್ದಿದ್ದು, ನಿಮ್ಮ ಬದುಕಲ್ಲಿ ನಡೆದಿದ್ದು ಬರೀರಿ. ಕೊನೇಲಿ ನಿಮ್ಮ ಹೆಸರಿನ ಮೊದಲ ಅಕ್ಷರ ಹಾಕಿ, ಜವಾಬ್ದಾರಿ ಇರತ್ತೆ.’ ಎರಡು, ಓದುಗರ ವಾಕ್ಯ ತಿದ್ದುವಾಗ ಅದರ ವಿಚಾರಕ್ಕೆ ಹೋಗಬಾರದು. ‘ವಿಷಯ ಅವರದ್ದು, ವ್ಯಾಕರಣ ನಮ್ಮದು.’

ಮೊದಲನೇ ಕಟ್ಟಳೆ ಇಂಚರಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಪಿಯುಸಿಯಿಂದಲೂ ದಿನಚರಿ ಬರೆಯುವ ಹುಡುಗಿ. ಬಾಯಿಬಿಟ್ಟು ಯಾರಿಗೂ ಹೇಳದ್ದು ಉದಾಹರಣೆಯ ಸಾಲಿನಲ್ಲಿ ನೀರು ಹರಿದ ಹಾಗೆ ಬರುತ್ತಿತ್ತು. ಅಮ್ಮನ ಮಂಡಿನೋವು, ಬೀದಿಯ ನಾಯಿ ಮರಿ ಹಾಕಿದ್ದು, ಕನಕಾಂಬರದ ದಂಡೆ ತರಲು ನಿಲ್ಲುವ ಮೂಲೆ ಅಂಗಡಿ. ಬರೆದು ಕೊನೆಯಲ್ಲಿ ‘ಇಂ.’ ಅಂತ ಹಾಕಿಬಿಟ್ಟರೆ ಎದೆ ಹಗುರ. ಯಾರೋ ಎಲ್ಲೋ ಓದುತ್ತಾರೆ. ಯಾರೆಂದು ಅವಳಿಗೆ ಗೊತ್ತಿಲ್ಲ, ಅವಳು ಯಾರೆಂದು ಅವರಿಗೂ ಗೊತ್ತಿಲ್ಲ. ಹಾಗಂತ ಅಂದುಕೊಂಡಿದ್ದಳು.

ಆ ಓದುಗರಲ್ಲಿ ಒಬ್ಬ ‘ವಿನೀತ ವಿದ್ಯಾರ್ಥಿ’. ನಿಜವಾದ ಹೆಸರಲ್ಲ, ಆ್ಯಪ್‌ನಲ್ಲಿ ಇಟ್ಟುಕೊಂಡದ್ದು. ಒಂದು ದಿನವೂ ತಪ್ಪಿಸದವನು. ಅವನ ಇಂಗ್ಲಿಷ್ ನೆಟ್ಟಗಿತ್ತು.

‘ಕಾಯು’ ಎಂಬ ಅರ್ಥದ ಪದ ಹೋದ ದಿನ ಅವನು ಬರೆದಿದ್ದ: ಅವಳು ಬಸ್ಸಿಗಾಗಿ ಹನ್ನೊಂದು ನಿಮಿಷ ಕಾದಳು. ಇಂಚರ ‘ಸರಿ’ ಅಂತ ಹಾಕಿದಳು.

‘ಮರೆ’ ಎಂಬ ಪದದ ದಿನ: ಅವಳು ಇವತ್ತು ಕೊಡೆ ಮರೆತಳು. ಇಂಚರಳೂ ಅವತ್ತು ಕೊಡೆ ಮರೆತು ತೊಯ್ದು ತೊಪ್ಪೆಯಾಗಿ ಬಂದಿದ್ದಳು. ಎಂಥ ಕಾಕತಾಳೀಯ ಅಂತ ನಕ್ಕು ‘ಸರಿ’ ಹಾಕಿದಳು.

ಹೀಗೇ ತಿಂಗಳು ಕಳೆಯಿತು. ಕಳೆದ ವಾರ ‘ಕೀಳು, ಹರಿ’ ಅನ್ನುವ ಪದ. ಅವನ ವಾಕ್ಯ ಬಂತು: ಅವಳ ಎಡಗಾಲಿನ ಚಪ್ಪಲಿಯ ಉಂಗುಷ್ಟ ಕಿತ್ತಿತು, ಅವಳು ಅದಕ್ಕೆ ಪಿನ್ನು ಚುಚ್ಚಿಕೊಂಡಳು.

ಇಂಚರ ಮೇಜಿನ ಕೆಳಗೆ ಬಗ್ಗಿ ನೋಡಿದಳು. ಎಡಗಾಲಿನ ಚಪ್ಪಲಿ. ಉಂಗುಷ್ಟದಲ್ಲಿ ಪಿನ್ನು. ಬೆಳಗ್ಗೆ ಬಸ್ ಸ್ಟಾಪಿನಲ್ಲಿ ಒಂಟಿಕಾಲಲ್ಲಿ ನಿಂತು ತಾನೇ ಚುಚ್ಚಿಕೊಂಡದ್ದು.

ಆದರೂ ಪರದೆಯ ಮೇಲೆ ಗುರುತು ಹಾಕಲೇಬೇಕಿತ್ತು. ವ್ಯಾಕರಣ ಸರಿಯಿತ್ತು. ‘ಸರಿ’ ಅಂತ ಒತ್ತಿದಳು. ಒತ್ತಿದ ಬೆರಳನ್ನು ಆಮೇಲೆ ಎಷ್ಟೋ ಹೊತ್ತು ದುಪಟ್ಟಾದಲ್ಲಿ ಸುತ್ತಿಟ್ಟುಕೊಂಡಿದ್ದಳು.

ಅಂದಿನಿಂದ ಅವಳಿಗೆ ಎಲ್ಲ ಮುಖವೂ ಅವನದ್ದೇ. ಅವಳು ಬಸ್ಸು ಹತ್ತುವ ಪುಟ್ಟೇನಹಳ್ಳಿಯ ಸ್ಟಾಪಿನ ಹತ್ತಿರ ಜ್ಯೂಸ್ ಅಂಗಡಿ ಎದುರು ಬೈಕ್ ನಿಲ್ಲಿಸಿಕೊಂಡು ಹೆಲ್ಮೆಟ್ ತೆಗೆಯದೆ ಕೂತಿರುವ ಒಬ್ಬ ಹುಡುಗ ಇದ್ದ. ಅವನೇ ಇರಬೇಕು ಅಂತ ಅವಳ ಗುಮಾನಿ. ಅವನು ಇತ್ತ ತಿರುಗಿದರೆ ಇವಳು ಕಂಬದ ಮರೆಗೆ ಸರಿಯುತ್ತಿದ್ದಳು.

ಮನೆಯಲ್ಲಿ ಹೇಳುವ ಹಾಗಿರಲಿಲ್ಲ. ದೊಡ್ಡಪ್ಪನ ಮಗಳು ಪ್ರಿಯಾಂಕಾ ಎರಡು ವರ್ಷದ ಹಿಂದೆ ಹೇಳಿದ್ದಳು, ಕಾಲೇಜಿನ ದಾರಿಯಲ್ಲಿ ಯಾರೋ ದಿನಾ ಹಿಂದೆ ಬರ್ತಾನೆ ಅಂತ. ಆ ದಾರಿಯಲ್ಲಿ ಯಾರೂ ಆ ಹುಡುಗನನ್ನು ತಡೆಯಲಿಲ್ಲ, ಪ್ರಿಯಾಂಕಾಳನ್ನು ತಡೆದರು. ಕಾಲೇಜು ಬಿಡಿಸಿ ಮೂರೇ ತಿಂಗಳಲ್ಲಿ ಮದುವೆ. ಇಂಚರಳ ಅಪ್ಪ ಮಾಧವರಾಯರು ಒಳ್ಳೆಯವರೇ, ಆದರೆ ಅವತ್ತು ಅಣ್ಣನ ಪಕ್ಕದಲ್ಲಿ ಕೂತು ‘ಹೆಣ್ಣುಮಕ್ಕಳು ಮನೇಲಿದ್ರೆ ಇದ್ಯಾವ ತಾಪತ್ರಯವೂ ಇರಲ್ಲ’ ಅಂದದ್ದನ್ನು ಅವಳು ಕಿವಿಯಾರೆ ಕೇಳಿದ್ದಳು. ಬಾಯಿ ಬಿಟ್ಟರೆ ಈ ಮಹಡಿ, ಈ ಮೇಜು, ಈ ಪದಗಳು ಎಲ್ಲವೂ ಹೋಗುತ್ತವೆ. ಬಾಯಿ ಬಿಡದಿದ್ದರೆ ಅವನು ಇರುತ್ತಾನೆ. ಮಾತು ಬಾರದವಳಿಗೆ ಇದಕ್ಕಿಂತ ಕಷ್ಟದ ಕವಲು ಬೇರೆ ಬೇಕೆ?

ಅಂಥ ಹೊತ್ತಿನಲ್ಲಿ ಅವಳ ಪಾಲಿಗೆ ಈ ಪದ ಬಂದಿತ್ತು.

‘ಎಲ್ಲಿಗೆ ಬಂತಮ್ಮ?’ ಏಕಾಂತಯ್ಯನವರು ಕನ್ನಡಕ ಹಣೆಗೇರಿಸಿಕೊಂಡು ಬಂದು ನಿಂತರು. ಬಿಳಿ ಹಾಳೆ ನೋಡಿ ಕುರ್ಚಿ ಎಳೆದು ಕೂತರು. ಪದದ ವಿಚಾರ ಬಂದರೆ ಅವರಿಗೆ ಹೊತ್ತು ಗೊತ್ತಿಲ್ಲ. ‘ಸುಲಭದ ಪದ ಅಂದ್ಕೊಂಡ್ಯಾ? ಇದು ಊಸರವಳ್ಳಿ. ನಿಯಮಕ್ಕೆ ಹಾಕಿದ್ರೆ ಪಾಲಿಸು. ಗುರುವಿಗೆ ಹಾಕಿದ್ರೆ ಅನುಸರಿಸು. ಪಾಠಕ್ಕೆ ಹಾಕಿದ್ರೆ ತಿಳಿ, ಅರ್ಥ ಮಾಡಿಕೋ. ದಾರಿಗೆ ಹಾಕಿದ್ರೆ ಹಿಡಿದು ಹೋಗು. ಸೋಮವಾರದ ಹಿಂದೆ ಮಂಗಳವಾರ ಬರತ್ತಲ್ಲ, ಅದಕ್ಕೂ ಇದೇ. ಇನ್ನು ಮನುಷ್ಯರಿಗೆ ಹಾಕಿದಾಗ ನೋಡು ಮಜಾ. ಹಿಂಬಾಲಿಸು, ಬೆನ್ನಟ್ಟು, ಬೆನ್ನು ಹತ್ತು, ಜಾಡು ಹಿಡಿ, ಹಿಂದೆ ಬೀಳು. ಇಂಗ್ಲಿಷಿನೋರು ಒಂದರಲ್ಲೇ ಮುಗಿಸಿದಾರೆ, ನಾವು ಒಂದೊಂದು ಹೆಜ್ಜೆಗೂ ಒಂದೊಂದು ಹೆಸರಿಟ್ಟಿದೀವಿ.’

‘ಎಲ್ಲಾ ಒಂದೇ ಅಲ್ವಾ ಸಾರ್?’ ಅಂದಳು ಪಂಕಜಾ.

‘ಎಲ್ಲಿ ಒಂದೇ? ಬೆನ್ನಟ್ಟಿದ್ರೆ ಮುಂದಿರೋನು ಓಡ್ತಾ ಇರ್ತಾನೆ, ಅವನಿಗೆ ಗೊತ್ತು. ಹಿಂಬಾಲಿಸಿದ್ರೆ ಗೊತ್ತಿರಬಹುದು, ಇಲ್ಲದೇನೂ ಇರಬಹುದು. ಜಾಡು ಹಿಡಿಯೋನು ಕಣ್ಣಿಗೇ ಬೀಳಲ್ಲ. ನಾವು ಬಿಟ್ಟು ಹೋದ ಗುರುತು ನೋಡ್ಕೊಂಡು ಬರ್ತಾನೆ.’

‘ಹಿಂದೆ ಬೀಳೋದು ಅಂದ್ರೆ ಲವ್ವು,’ ಅಂತ ಪಂಕಜಾ ನಕ್ಕಳು. ‘ಆ ಹುಡುಗ ಅವಳ ಹಿಂದೆ ಬಿದ್ದಿದಾನೆ ಕಣೇ ಅಂತ ನಮ್ಮ ಕಾಲದಲ್ಲಿ ಕಿಸಿಕಿಸಿ ನಗ್ತಿದ್ವಿ.’

‘ಬಿದ್ದಿದ್ದು ಅವನು. ಏಟಾಗೋದು ಅವಳಿಗೆ,’ ಅಂದರು ಮೇಷ್ಟ್ರು.

ಇಂಚರ ನಗಲಿಲ್ಲ. ಅವಳ ತಲೆಯಲ್ಲಿ ಒಂದೇ ಮಾತು ನಿಂತಿತ್ತು: ನಾವು ಬಿಟ್ಟು ಹೋದ ಗುರುತು.

ಮೇಷ್ಟ್ರು ಎದ್ದು ಹೋದ ಮೇಲೆ ಅವಳು ಹಳೇ ಪದಗಳ ಕಡತ ತೆಗೆದಳು. ಇದುವರೆಗೆ ತಾನು ಬರೆದ ಉದಾಹರಣೆಗಳಲ್ಲಿ ‘ಇಂ.’ ಇದ್ದವನ್ನಷ್ಟೇ ಹುಡುಕಿ, ಒಂದರ ಕೆಳಗೊಂದು ಬೇರೆ ಹಾಳೆಗೆ ಇಳಿಸುತ್ತ ಹೋದಳು.

ನಾನು ಎಂಟೂ ನಲವತ್ತರ ಬಸ್ ಹಿಡಿಯುತ್ತೇನೆ. —ಇಂ.

ನನಗೆ ಬಲಗಡೆಯ ಕಿಟಕಿ ಸೀಟೇ ಇಷ್ಟ. —ಇಂ.

ಕೆರೆಯ ಹಿಂದಿನ ಬೀದಿಗೆ ತಿರುಗಿದರೆ ನಮ್ಮ ಮನೆಯ ಪಾರಿಜಾತದ ವಾಸನೆ ಬರುತ್ತದೆ. —ಇಂ.

ಗುರುವಾರ ಅಪ್ಪ ಅಮ್ಮ ಮಠಕ್ಕೆ ಹೋಗುತ್ತಾರೆ, ನಾನೊಬ್ಬಳೇ ಇರುತ್ತೇನೆ. —ಇಂ.

ನಮ್ಮ ಮಹಡಿ ಮನೆ ಖಾಲಿಯಾಗಿದೆ. ಬಾಡಿಗೆಗೆ ಒಳ್ಳೆಯವರು ಸಿಕ್ಕಿಲ್ಲ. —ಇಂ.

ಒಂದೊಂದೇ ಓದುವಾಗ ಏನೂ ಅಲ್ಲದ ಸಾಲುಗಳು. ಸಾಲಾಗಿ ನಿಂತಾಗ ಅವಳ ಮನೆಯ ಬಾಗಿಲಿನವರೆಗೆ ಹಾಕಿದ ರಂಗೋಲಿ. ಯಾರಿಗೂ ಏನೂ ಹೇಳದ ಹುಡುಗಿ ಅಂತ ಊರೆಲ್ಲ ಆಡಿಕೊಳ್ಳುವ ಇಂಚರ, ಊರಿಗೆಲ್ಲ ಎಲ್ಲವನ್ನೂ ಹೇಳಿ ಮುಗಿಸಿದ್ದಳು.

ಅವನ ಅಭ್ಯಾಸ ವಾಕ್ಯಗಳನ್ನೂ ಪ್ರಿಂಟ್ ತೆಗೆದಳು. ನಲವತ್ತೊಂದು. ಎರಡೂ ಹಾಳೆಗಳನ್ನು ಏಕಾಂತಯ್ಯನವರ ಮೇಜಿನ ಮೇಲಿಟ್ಟು ಅಲ್ಲೇ ನಿಂತಳು. ಅವರು ಓದಿದರು. ಮೊದಲು ಕನ್ನಡಕ ಹಾಕಿಕೊಂಡು, ಆಮೇಲೆ ಕನ್ನಡಕ ತೆಗೆದು. ಪಂಕಜಾ ಎದ್ದು ಬಂದು ಅವರ ಭುಜದ ಮೇಲಿಂದ ಓದಿದಳು.

‘ನಿಜ ಬರೀರಿ ನಿಜ ಬರೀರಿ ಅಂತ ನಾನೇ ತಲೆ ತಿಂದೆ,’ ಅಂದರು ಮೇಷ್ಟ್ರು. ‘ಯಾರು ಓದ್ತಾರೆ ಅಂತ ಯೋಚನೆ ಮಾಡಲಿಲ್ಲ. ನಡಿ, ಪೊಲೀಸ್ ಸ್ಟೇಷನ್‌ಗೆ ಹೋಗೋಣ.’

‘ಬೇಡ ಸರ್. ಅಪ್ಪಂಗೆ ಗೊತ್ತಾಗತ್ತೆ. ಕೆಲಸ ಬಿಡಿಸಿಬಿಡ್ತಾರೆ.’ ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. ‘ಅವನ ಮುಖಾನೇ ನೋಡಿಲ್ಲ. ಯಾರ ಮೇಲೆ ಅಂತ ಕಂಪ್ಲೇಂಟ್ ಕೊಡ್ಲಿ? ಒಂದು ಸಲ ಯಾರು ಅಂತ ಗೊತ್ತಾದ್ರೆ...’

‘ಗೊತ್ತು ಮಾಡ್ಕೊಳ್ಳೋದು ಹೇಗೆ?’

ಇಂಚರ ಮೇಜಿನ ಮೇಲಿದ್ದ ಖಾಲಿ ಹಾಳೆ ತೆಗೆದುಕೊಂಡು, ನಿಂತಲ್ಲೇ ಬರೆದಳು. ದಾರಿ ಹಿಡಿದು ಹೋಗು ಎಂಬ ಅರ್ಥಕ್ಕೆ ಉದಾಹರಣೆ: ಸೋಮವಾರ ಸಂಜೆ ಐದೂವರೆಗೆ ನಾನು ಕೆರೆಯಂಚಿನ ದಾರಿ ಹಿಡಿದು ಮೂರನೇ ಕಲ್ಲುಬೆಂಚಿನವರೆಗೆ ಹೋಗುತ್ತೇನೆ, ಅಲ್ಲಿ ಒಬ್ಬಳೇ ಕೂರುತ್ತೇನೆ. —ಇಂ.

ಮೇಷ್ಟ್ರು ಅದನ್ನು ಎರಡು ಸಲ ಓದಿದರು. ‘ಇದು ನಿಜ ಅಲ್ಲ.’

‘ಅಲ್ಲ ಸರ್.’

ಮೇಷ್ಟ್ರದ್ದು ಮೂವತ್ತಮೂರು ವರ್ಷದ ಕಟ್ಟಳೆ. ಆದರೂ ಅವರು ಕೆಂಪು ಪೆನ್ನು ತೆಗೆದು ಪಕ್ಕದಲ್ಲಿ ಸಹಿ ಹಾಕಿದರು. ‘ಮುಖ ನೋಡೋದು ಅಷ್ಟೇ. ಮಾತಾಡೋದಿಲ್ಲ, ಹತ್ತಿರ ಹೋಗೋದಿಲ್ಲ. ನಾವಿಬ್ಬರೂ ಜೊತೇಲಿರ್ತೀವಿ. ನೋಡಿದ ಮೇಲೆ ಸೀದಾ ಪೊಲೀಸು. ನಿಮ್ಮಪ್ಪಂಗೆ ನಾನು ಹೇಳ್ತೀನಿ.’

‘ನನ್ನ ಬ್ಯಾಗಲ್ಲಿ ಖಾರದಪುಡಿ ಇರತ್ತೆ,’ ಅಂದಳು ಪಂಕಜಾ. ‘ಸಾರಿಗೆ ಅಂತ ತಗೊಂಡಿದ್ದು. ಕಣ್ಣಿಗೂ ಆಗತ್ತೆ.’

ಶನಿವಾರ, ಭಾನುವಾರ ಇಂಚರ ಮನೆ ಬಿಟ್ಟು ಕದಲಲಿಲ್ಲ. ಅಮ್ಮ ವಾರಿಜಾ ಮಾತ್ರ ಸಡಗರದಲ್ಲಿದ್ದರು. ‘ಮಹಡಿ ಮನೆಗೆ ಕೊನೆಗೂ ಒಬ್ಬರು ಗಟ್ಟಿಯಾದ್ರು ಕಣೇ. ನೀನು ಆಫೀಸಿಗೆ ಹೋದಾಗ ಎರಡು ಸಲ ಬಂದು ನೋಡಿಕೊಂಡು ಹೋದ್ರು. ನಚಿಕೇತ ಅಂತೆ, ಎಂಥ ಹೆಸರು! ನಿಮ್ಮಪ್ಪನ ಕಾಲಿಗೆ ನಮಸ್ಕಾರ ಮಾಡಿದ್ರು ಅಂದ್ರೆ ನೋಡು. ಈ ಕಾಲದಲ್ಲಿ ಯಾರು ಮಾಡ್ತಾರೆ? ಸೋಮವಾರ ಸಂಜೆ ಬೀಗದ ಕೈ ತಗೊಳ್ಳೋಕೆ ಬರ್ತಾರೆ. ನೀನು ಹೊತ್ತಿಗೆ ಬಾ, ಸ್ವಲ್ಪ ಮುಖ ತೋರಿಸು. ಗೂಬೆ ಥರ ಒಳಗೆ ಕೂರಬೇಡ.’

ಇಂಚರ ‘ಹೂಂ’ ಅಂದಳು. ಅವಳ ಮನಸ್ಸೆಲ್ಲ ಮೂರನೇ ಬೆಂಚಿನ ಮೇಲಿತ್ತು.

ಸೋಮವಾರ ಬೆಳಗ್ಗೆ ಏಳಕ್ಕೆ ಪದ ಹೋಯಿತು. ಏಳೂ ಎರಡಕ್ಕೆ ವಿನೀತ ವಿದ್ಯಾರ್ಥಿಯ ವಾಕ್ಯ ಬಂದೇಬಿಟ್ಟಿತು. ಅಷ್ಟು ಬೇಗ ಅವನು ಯಾವತ್ತೂ ಬರೆದವನಲ್ಲ. ಬರೆದದ್ದು ಇಷ್ಟು: ಅವಳು ಹಾಕಿದ ದಾರಿಯನ್ನೇ ಅವನು ಹಿಡಿಯುತ್ತಾನೆ. ಇಂಚರ ಅದಕ್ಕೆ ಸರಿ ಅಂತಲೂ ಹಾಕಲಿಲ್ಲ, ತಪ್ಪು ಅಂತಲೂ ಹಾಕಲಿಲ್ಲ.

ಸಂಜೆ ಐದು ಗಂಟೆಗೇ ಮೂವರೂ ಕೆರೆಯ ಗೇಟಿನ ಎದುರು, ರಸ್ತೆಯ ಈಚೆಗಿನ ಎಳನೀರು ಗಾಡಿಯ ಮರೆಯಲ್ಲಿ ನಿಂತರು. ಅಲ್ಲಿಂದ ಬೇಲಿಯ ಸಂದಿಯಲ್ಲಿ ಮೂರನೇ ಬೆಂಚು ಚೆನ್ನಾಗಿ ಕಾಣುತ್ತಿತ್ತು. ವಾಕಿಂಗ್ ಬಂದವರು, ಮೊಮ್ಮಗುವಿಗೆ ನೀರುಹಕ್ಕಿ ತೋರಿಸುವ ಅಜ್ಜಿಯರು, ಇಯರ್‌ಫೋನ್ ಹಾಕಿಕೊಂಡು ಓಡುವವರು. ಇಂಥ ಬೆಳಕಿನಲ್ಲಿ, ಇಂಥ ಜನದ ನಡುವೆ ಹೆದರಿಕೆಯಾಗುವುದೆಂದರೆ ಅವಳಿಗೇ ನಾಚಿಕೆ. ಆದರೂ ಗಾಡಿಯ ಮರೆ ಬಿಟ್ಟು ಒಂದು ಹೆಜ್ಜೆಯೂ ಮುಂದಿಡಲಿಲ್ಲ.

ಐದೂ ಇಪ್ಪತ್ತಕ್ಕೆ ಹೆಲ್ಮೆಟ್ಟಿನ ಹುಡುಗ ಬಂದ. ಇಂಚರ ಪಂಕಜಾಳ ಮುಂಗೈ ಹಿಡಿದಳು. ‘ಅಕ್ಕ, ಅವನೇ.’ ಹುಡುಗ ಬೈಕ್ ನಿಲ್ಲಿಸಿ ಹೆಲ್ಮೆಟ್ ತೆಗೆದ. ಹದಿನೆಂಟೂ ತುಂಬಿರದ ಮೊಡವೆ ಮುಖ. ಹಿಂದಿನಿಂದ ಓಡಿಬಂದ ಒಬ್ಬಳು ಹುಡುಗಿ ಅವನ ಬೆನ್ನಿಗೊಂದು ಗುದ್ದಿ, ‘ಎಷ್ಟೊತ್ತೋ ಕಾಯೋದು ಮಗಾ?’ ಅಂತ ಹತ್ತಿ ಕೂತಳು. ಬೈಕ್ ಹೋಯಿತು.

‘ಪಾಪದ್ದು,’ ಅಂದಳು ಪಂಕಜಾ. ‘ಅವನ ಗತಿ ನೋಡಿದ್ರೆ ಅವಳ ಹಿಂದೆ ಹೋಗೋದಕ್ಕೇ ಹೊತ್ತು ಸಾಲಲ್ಲ.’

ಇಂಚರ ಉಸಿರು ಬಿಟ್ಟು ತಲೆಯೆತ್ತಿದಳು. ಅಷ್ಟರಲ್ಲಿ ಮೂರನೇ ಬೆಂಚಿನಲ್ಲಿ ಒಬ್ಬರು ಕೂತಾಗಿತ್ತು.

ಮೂವತ್ತೈದರ ಆಸುಪಾಸು. ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು, ಮಡಿಲಲ್ಲಿ ಊಟದ ಚೀಲ. ಬೆಂಚಿನ ಒಂದು ತುದಿಗೆ ಒತ್ತರಿಸಿ ಕೂತಿದ್ದರು. ಇನ್ನೊಂದು ತುದಿಯನ್ನು ಕರ್ಚೀಫಿನಿಂದ ಒರೆಸಿದರು. ಆಮೇಲೆ ಚೀಲದಿಂದ ಬಾಳೆಎಲೆಯ ಪೊಟ್ಟಣ ತೆಗೆದು, ಒರೆಸಿದ ಜಾಗದ ಮೇಲಿಟ್ಟರು. ಎಲೆಯ ಸಂದಿಯಿಂದ ಕನಕಾಂಬರದ ದಂಡೆ ಇಣುಕುತ್ತಿತ್ತು.

ಅವಳಿಗೆ ಅವರ ಮುಖ ಗೊತ್ತಿತ್ತು. ಎಂಟೂ ನಲವತ್ತರ ಬಸ್ಸಿನವರು. ಯಾವ ಅಜ್ಜಿ ಹತ್ತಿದರೂ ಮೊದಲು ಎದ್ದು ನಿಲ್ಲುವವರು. ಬಸ್ಸಿನಲ್ಲಿ ಅವಳಿಗೆ ಎಳ್ಳಷ್ಟೂ ಹೆದರಿಕೆಯಾಗದ ಒಂದೇ ಒಂದು ಗಂಡಸಿನ ಮುಖ. ‘ಬಿಟ್ಟುಕೊಡು’ ಅನ್ನುವ ಪದ ಬಂದ ದಿನ ಅವರ ಮೇಲೆಯೇ ಬರೆದಿದ್ದಳು: ಬಸ್ಸಿನಲ್ಲಿ ಒಬ್ಬರು ದಿನಾ ಅಜ್ಜಿಯರಿಗೆ ಸೀಟು ಬಿಟ್ಟುಕೊಡುತ್ತಾರೆ, ಅವರನ್ನು ಕಂಡರೆ ಮನಸ್ಸಿಗೆ ಹಿತ. —ಇಂ. ವಿನೀತ ವಿದ್ಯಾರ್ಥಿಯ ಮೊದಲನೇ ವಾಕ್ಯ ಬಂದದ್ದು ಅದರ ಮಾರನೇ ದಿನ.

ಇಂಚರ ಬೆರಳು ಮಾಡಿ ತೋರಿಸಿದಳು. ಪಂಕಜಾ ಫೋನಿನಲ್ಲಿ ಫೋಟೋ ತೆಗೆದಳು. ಅರ್ಧ ಗಂಟೆ ಅವರು ಗೇಟಿನತ್ತಲೇ ನೋಡುತ್ತ ಕೂತರು. ಸಿಟ್ಟಿಲ್ಲ, ಚಡಪಡಿಕೆಯಿಲ್ಲ. ಆಮೇಲೆ ಗಡಿಯಾರ ನೋಡಿ, ಪೊಟ್ಟಣವನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡು ಎದ್ದರು.

‘ಮುಖ ನೋಡಿದ್ವಲ್ಲ, ನಡೀರಿ,’ ಅಂದರು ಮೇಷ್ಟ್ರು.

‘ಸರ್,’ ಇಂಚರ ಪಿಸುಗುಟ್ಟಿದಳು, ‘ಅವರು ನಮ್ಮ ಬೀದಿಗೆ ತಿರುಗ್ತಿದಾರೆ.’

ಮೂವರೂ ಅವರ ಹಿಂದೆ ನಡೆದರು. ಐವತ್ತು ಹೆಜ್ಜೆ ದೂರ. ಮನುಷ್ಯ ತಿರುಗಿ ನೋಡಲಿಲ್ಲ; ತನ್ನ ಹಿಂದೆ ಯಾರಾದರೂ ಬರಬಹುದು ಅನ್ನುವ ಯೋಚನೆಯೇ ಇಲ್ಲದವರ ಬೆನ್ನು ಎಷ್ಟು ಸಲೀಸಾಗಿರುತ್ತದೆ ಅಂತ ಇಂಚರ ಮೊದಲ ಸಲ ನೋಡಿದಳು. ಒಂದನೇ ಅಡ್ಡರಸ್ತೆ. ಎರಡನೇದು. ದೋಸೆಹಿಟ್ಟು ಮಾರುವ ಅಂಗಡಿ. ಪಾರಿಜಾತದ ಮರ.

ಅವರು ಅವಳ ಮನೆಯ ಗೇಟು ತೆಗೆದು, ಚಪ್ಪಲಿ ಸರಿಯಾದ ಜಾಗದಲ್ಲಿ ಬಿಟ್ಟು, ಒಳಗೆ ಹೋದರು.

ಆಗ ಅವಳಿಗೆ ತಿಳಿಯಿತು. ನಚಿಕೇತ ಅಂತೆ, ಎಂಥ ಹೆಸರು. ಬಾಡಿಗೆಗೆ ಒಳ್ಳೆಯವರು ಸಿಕ್ಕಿಲ್ಲ ಅಂತ ಬರೆದವಳೂ ಅವಳೇ. ಇವತ್ತು ಬೀಗದ ಕೈ ಕೊಟ್ಟರೆ ನಾಳೆಯಿಂದ ತನ್ನ ತಲೆಯ ಮೇಲೆ, ತನ್ನ ಮಂಚದ ನೇರಕ್ಕೆ, ಆ ಹೆಜ್ಜೆಗಳು. ಬಾಗಿಲು ಹಾಕಿದರೆ ಹೊರಗುಳಿಯುವವನಲ್ಲ ಇನ್ನು. ಓಡಿದಳು. ಪಿನ್ನು ಚುಚ್ಚಿದ ಉಂಗುಷ್ಟ ಕಿತ್ತು ಬಂತು. ಒಂಟಿ ಚಪ್ಪಲಿಯಲ್ಲೇ ಗೇಟು ದಾಟಿದಳು.

ಜಗಲಿಯ ಮೇಲೆ ಅಮ್ಮ ಕಾಫಿ ಲೋಟ ಹಿಡಿದು ನಿಂತಿದ್ದರು. ಅಪ್ಪ ಗೊಂಚಲಿನಿಂದ ಮಹಡಿಯ ಬೀಗದ ಕೈ ಬಿಡಿಸುತ್ತಿದ್ದರು. ‘ಬಾಮ್ಮ, ಸರಿಯಾದ ಹೊತ್ತಿಗೆ ಬಂದೆ. ಇವರೇ ನಚಿಕೇತ.’

ನಚಿಕೇತ ಎದ್ದು ನಿಂತು ಕೈಮುಗಿದರು. ಮೃದುವಾದ ದನಿ. ‘ಇವತ್ತು ಬೆಂಚಿಗೆ ನೀವು ಬರಲಿಲ್ಲ.’

‘ಯಾವ ಬೆಂಚು?’ ಅಂದರು ಅಪ್ಪ.

ಅಪ್ಪ ಇಂಚರಳನ್ನು, ಅವಳ ಬರಿಗಾಲನ್ನು, ಗೇಟಿನಲ್ಲಿ ಏದುಸಿರು ಬಿಡುತ್ತ ಬಂದು ನಿಂತ ಇಬ್ಬರು ಅಪರಿಚಿತರನ್ನು ನೋಡುತ್ತಿದ್ದರು. ಬೀಗದ ಕೈ ಗೊಂಚಲಿನಿಂದ ಕಳಚಿ ಅವರ ಬೆರಳ ತುದಿಯಲ್ಲಿತ್ತು. ಮಾತಾಡಲು ಆಗದು ಅಂತ ಅವಳಿಗೆ ಗೊತ್ತಾಯಿತು. ಆದರೆ ಓದಲು ಬರುತ್ತಿತ್ತು. ಬ್ಯಾಗಿನಿಂದ ಹಾಳೆ ತೆಗೆದಳು.

‘ಅವಳು ಬಸ್ಸಿಗಾಗಿ ಹನ್ನೊಂದು ನಿಮಿಷ ಕಾದಳು,’ ಓದಿದಳು. ‘ಅವಳು ಇವತ್ತು ಕೊಡೆ ಮರೆತಳು. ಅವಳ ಎಡಗಾಲಿನ ಚಪ್ಪಲಿಯ ಉಂಗುಷ್ಟ ಕಿತ್ತಿತು.’

‘ಏನೇ ಇದು?’ ಅಂದರು ಅಮ್ಮ.

‘ಗುರುವಾರ ಅವಳು ಕೂದಲು ಬಿಚ್ಚಿ ಅಂಗಳದಲ್ಲಿ ಒಣಗಿಸಿದಳು. ಅವಳ ಕೋಣೆಯ ಕಿಟಕಿಯ ಒಂದು ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಇದನ್ನ ಇವರು ಬರೆದು ಕಳಿಸ್ತಾರೆ ಅಪ್ಪ. ದಿನಾ. ನಲವತ್ತು ದಿನದ ಮೇಲಾಯ್ತು. ಅವಳು ಅಂದ್ರೆ ನಾನು.’

ಅಪ್ಪ ತಿರುಗಿ ಕೋಣೆಯ ಕಿಟಕಿ ನೋಡಿದರು. ಎಡಗಡೆಯ ಬಾಗಿಲಿಗೆ ಮಳೆಗಾಲದಿಂದ ಹಳೇ ದಾರ ಕಟ್ಟಿತ್ತು.

‘ಇವರೇ ಕರೆದದ್ದು ಸಾರ್,’ ಅಂದರು ನಚಿಕೇತ. ತಪ್ಪಿತಸ್ಥನ ಮುಖವಾಗಿದ್ದಿದ್ದರೆ ಅವಳಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಅವರ ಕಣ್ಣಲ್ಲಿ ಸಂತೋಷವಿತ್ತು. ‘ನನ್ನ ಬಗ್ಗೆ ಮೊದಲು ಬರೆದವರು ಇವರು. ಯಾವ ಬಸ್ಸು ಅಂದ್ರು, ಯಾವ ಸೀಟು ಅಂದ್ರು, ಮಹಡಿ ಖಾಲಿ ಇದೆ ಅಂದ್ರು. ನನ್ನ ಒಂದು ವಾಕ್ಯವನ್ನೂ ತಪ್ಪು ಅಂದಿಲ್ಲ. ಎಲ್ಲಕ್ಕೂ ಸರಿ ಅಂತ ಹಾಕಿದಾರೆ. ಕೇಳಿ ಬೇಕಾದ್ರೆ.’

ಎಲ್ಲರೂ ಅವಳತ್ತ ನೋಡಿದರು. ಇವತ್ತಿನದ್ದೊಂದು ಬಿಟ್ಟರೆ ಅದು ನಿಜವೇ ಆಗಿತ್ತು. ಆ ಒಂದು ಗಳಿಗೆ ಅವಳಿಗೇ ಅನ್ನಿಸಿತು, ಎಲ್ಲವೂ ತನ್ನ ಕೈಯಾರೆ ಆದದ್ದು ಅಂತ.

‘ವ್ಯಾಕರಣಕ್ಕೆ ಹಾಕಿದ ಗುರುತು ಅದು,’ ಗೇಟಿನಿಂದ ಏಕಾಂತಯ್ಯನವರ ದನಿ ಬಂತು. ಪಾಠದ ದನಿಯಲ್ಲ, ಒಡೆದ ದನಿ. ‘ಹಾಕಬೇಕು ಅಂತ ಕಟ್ಟಳೆ ಮಾಡಿದೋನು ನಾನು. ಆ ಮಗೂದಲ್ಲ ತಪ್ಪು.’

‘ನಾನು ಕರೆದಿಲ್ಲ,’ ಅಂದಳು ಇಂಚರ. ಈ ಸಲ ಹಾಳೆ ನೋಡಲಿಲ್ಲ. ‘ನಾನು ನಿಮ್ಮನ್ನ ಕರೆದಿಲ್ಲ. ನನಗೆ ನಿಮ್ಮನ್ನ ಕಂಡ್ರೆ ಭಯ. ಅಪ್ಪ, ಬೀಗದ ಕೈ ಕೊಡಬೇಡಿ.’

ಬೆರಳ ತುದಿಯಲ್ಲಿದ್ದ ಬೀಗದ ಕೈ ಮಾಧವರಾಯರ ಮುಷ್ಟಿಯೊಳಗೆ ಹೋಯಿತು. ಅವರು ಜಗಲಿಯಿಂದ ಒಂದು ಮೆಟ್ಟಿಲು ಇಳಿದು ಮಗಳಿಗೂ ಆ ಮನುಷ್ಯನಿಗೂ ನಡುವೆ ನಿಂತರು. ‘ಹೊರಗೆ ನಡೀರಿ,’ ಅಂದರು. ದನಿ ನಡುಗುತ್ತಿತ್ತು. ಅಪ್ಪನಿಗೂ ಹೆದರಿಕೆಯಾಗುತ್ತದೆ ಅಂತ ಇಂಚರಳಿಗೆ ಅವತ್ತೇ ತಿಳಿದದ್ದು.

ಪಂಕಜಾ ಆಗಲೇ ಫೋನಿನಲ್ಲಿ ಪೊಲೀಸರಿಗೆ ಬೀದಿಯ ಹೆಸರು ಹೇಳುತ್ತಿದ್ದಳು. ನಚಿಕೇತ ಓಡಲಿಲ್ಲ. ಚೀಲದಿಂದ ಕನಕಾಂಬರ ತೆಗೆದಿಟ್ಟು, ಚಪ್ಪಲಿ ಮೆಟ್ಟಿ, ಗೇಟನ್ನು ಸದ್ದಾಗದ ಹಾಗೆ ಹಾಕಿಕೊಂಡು, ವಾಕಿಂಗ್ ಹೊರಟವರ ಹಾಗೆ ಹೋದರು. ಜಗಲಿಯ ಮೇಲೆ ಬಾಳೆಎಲೆಯ ಪೊಟ್ಟಣ ಉಳಿದಿತ್ತು. ಅಮ್ಮ ಅದನ್ನು ಇಕ್ಕಳದಲ್ಲಿ ಹಿಡಿದು ಎತ್ತಿ, ಪೊಲೀಸರು ಬರುವವರೆಗೆ ಬಚ್ಚಲ ಕಟ್ಟೆಯ ಮೇಲಿಟ್ಟರು.

ಪೊಲೀಸರು ಬಂದರು, ಫೋಟೋ ನೋಡಿದರು, ಹಾಳೆ ತೆಗೆದುಕೊಂಡರು. ಮಾರನೇ ದಿನ ಸ್ಟೇಷನ್ನಿನಲ್ಲಿ ದೂರು ಬರೆದದ್ದಾಯಿತು. ನಚಿಕೇತರನ್ನು ಕರೆಸಿ ವಿಚಾರಿಸಿ, ಮುಚ್ಚಳಿಕೆ ಬರೆಸಿಕೊಂಡು, ಕೇಸು ಹಾಕಿದ್ದೇವೆ ಅಂದರು. ಆ್ಯಪ್‌ನಲ್ಲಿ ಉದಾಹರಣೆಗಳ ಕೊನೆಗೆ ಹಾಕುತ್ತಿದ್ದ ಹೆಸರಿನ ಅಕ್ಷರಗಳು ಹೋದವು. ಹಳೆಯವನ್ನೆಲ್ಲ ಅಳಿಸಲು ಮೇಷ್ಟ್ರೇ ಮೂರು ದಿನ ಕೂತರು.

ಆ ವಾರದ ಕೊನೆಗೆ ಅಪ್ಪ ಪೇಪರ್ ಮಡಿಸಿ, ಯಾವುದೋ ಬೇರೆ ವಿಷಯ ಅನ್ನುವ ಹಾಗೆ ಹೇಳಿದರು: ‘ಸ್ವಲ್ಪ ದಿನ ಮನೇಲೇ ಇದ್ದುಬಿಡಮ್ಮ. ಎಲ್ಲಾ ತಣ್ಣಗಾಗಲಿ.’

ಈ ಮಾತಿಗೆ ಅವಳು ಎರಡು ವಾರದಿಂದ ಹೆದರಿದ್ದಳು. ಈಗ ಬಂತು. ‘ಪ್ರಿಯಾಂಕಾನೂ ಮನೇಲೇ ಇದ್ದಳು ಅಪ್ಪ,’ ಅಂದಳು. ‘ಅವಳ ಹಿಂದೆ ಬಿದ್ದೋನು ಮನೇಲಿದ್ನಾ?’

ಅಪ್ಪ ಪೇಪರನ್ನು ಮತ್ತೆ ಬಿಡಿಸಿದರು. ‘ಎಷ್ಟು ಗಂಟೆಗೆ ಬಸ್ಸು?’ ಅಂದರು.

‘ಎಂಟೂ ನಲವತ್ತರದ್ದಲ್ಲ. ಒಂಬತ್ತೂ ಹತ್ತರದ್ದು.’

ಸೋಮವಾರ ಹೊಸ ಚಪ್ಪಲಿ ಮೆಟ್ಟಿ ಸ್ಟಾಪಿನವರೆಗೆ ಅಪ್ಪನ ಜೊತೆ ನಡೆದಳು. ಅಪ್ಪ ಎರಡು ಸಲ ಹಿಂದೆ ತಿರುಗಿ ನೋಡಿದರು. ಅವಳು ಆರು ಸಲ. ಬಸ್ಸು ತುಂಬಿತ್ತು. ಜಯನಗರದ ಹತ್ತಿರ ಒಬ್ಬ ಅಜ್ಜಿ ಹತ್ತಿದರು, ಹಿಂದಿನ ಸಾಲಿನಲ್ಲಿ ಯಾರೋ ಎದ್ದು ನಿಂತ ಸದ್ದಾಯಿತು. ‘ಕೂತ್ಕೊಳ್ಳಿ ಅಜ್ಜಿ.’ ಗಂಡಸಿನ ದನಿ. ಇಂಚರಳಿಗೆ ಕಣ್ಣು ಮುಚ್ಚಿಕೊಳ್ಳೋಣ ಅನ್ನಿಸಿತು.

ಮುಚ್ಚಲಿಲ್ಲ. ತಿರುಗಿ, ಎದ್ದು ನಿಂತವನ ಮುಖವನ್ನು ನೇರವಾಗಿ, ಪೂರ್ತಿಯಾಗಿ ನೋಡಿದಳು. ಬೇರೆ ಯಾರೋ. ಅವನು ಏನು ಅನ್ನುವ ಹಾಗೆ ಹುಬ್ಬೇರಿಸಿದ. ಅವಳು ಮಾತ್ರ ತನ್ನ ಸ್ಟಾಪು ಬರುವವರೆಗೂ ಆ ಮುಖದಿಂದ ಕಣ್ಣು ತೆಗೆಯಲಿಲ್ಲ.